ಹುಳಕ್ಕೂ ಒಂದು ಪಾಲು

ಗಣೇಶನ ಹಬ್ಬ ಮುಗಿದು ಹತ್ತಿ ಹೂವಿಗೆ ಬಂದ ಹೊತ್ತಿನಲ್ಲಿ ರಾಯಚೂರು, ಯಾದಗಿರಿ ಕಡೆಯ ಯಾವುದೇ ಗೊಬ್ಬರದ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ: “ಹೋದ ಸಲ ಕೊಟ್ಟ ಎಣ್ಣಿ ಹುಳಕ್ಕ ತಾಗ್ಲೇ ಇಲ್ರೀ ಅಣ್ಣಾರ. ಇದಕ್ಕಿಂತ ಸ್ಟ್ರಾಂಗ್ ಇದ್ದದ್ದು ಕೊಡ್ರಿ.” ಅಂಗಡಿಯವರು ಮೇಲಿನ ಕಪಾಟಿನಿಂದ ಇನ್ನೊಂದು ಬಣ್ಣದ ಡಬ್ಬಿ ಇಳಿಸುತ್ತಾರೆ. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ‘ಎಣ್ಣಿ’, ಹಳೆ ಮೈಸೂರಿನವರ ಬಾಯಲ್ಲಿ ‘ಔಷಧಿ’. ವಿಷ ಎಂಬ ಮಾತು ಎರಡರಲ್ಲೂ ಇಲ್ಲ.

ಹೊಡೆದ ಎಣ್ಣೆ ಕೆಲಸ ಮಾಡದಿದ್ದಾಗ ರೈತನಿಗೆ ಎರಡು ಅನುಮಾನ ಬರುತ್ತವೆ. ಡಬ್ಬಿಯಲ್ಲಿದ್ದದ್ದು ಕಲಬೆರಕೆಯಾಗಿರಬೇಕು, ಇಲ್ಲವೇ ಹುಳ ಅದಕ್ಕೆ ಒಗ್ಗಿಕೊಂಡಿರಬೇಕು. ಮೊದಲನೆಯದು ಕೆಲವೊಮ್ಮೆ ನಿಜವೇ. ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ತಪ್ಪು. ಹೊಗೆಸೊಪ್ಪು ಹಾಕುವವನಿಗೆ ಮೊದಲ ದಿನ ತಲೆ ತಿರುಗುತ್ತದೆ, ವಾರ ಕಳೆದರೆ ಅಭ್ಯಾಸವಾಗುತ್ತದೆ. ಹುಳವೂ ಹೀಗೆಯೇ ವಿಷ ಕುಡಿದು ಕುಡಿದು ಗಟ್ಟಿಯಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಸಾಯುವ ಹುಳ ಮೊದಲ ಸಿಂಪಡಣೆಗೇ ಸಾಯುತ್ತದೆ. ಉಳಿಯುವ ಹುಳ ಉಳಿಯುವ ಗುಣವನ್ನು ಹುಟ್ಟುವಾಗಲೇ ಹೊತ್ತು ತಂದಿರುತ್ತದೆ. ಬದಲಾಗುವುದು ಹೊಲದೊಳಗಿನ ಹುಳಗಳ ಜನಗಣತಿ. ಆ ಗಣತಿಯನ್ನು ತಿದ್ದುವ ಕೈ ನಮ್ಮದೇ.

ಅಂಗಳದ ಲೆಕ್ಕ

ಕಡ್ಡಿಯಿಂದ ಅಂಗಳದಲ್ಲಿ ಗೀಚಿ ಮಾಡಬಹುದಾದ ಒಂದು ಲೆಕ್ಕ ನೋಡೋಣ. ಒಂದು ಸೀಮೆಯ ಹೊಲಗಳಲ್ಲಿ 10 ಲಕ್ಷ ಹುಳಗಳಿವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ 10ಕ್ಕೆ ಮಾತ್ರ ಹುಟ್ಟಿನಿಂದಲೇ ಈ ಔಷಧಿ ತಾಗುವುದಿಲ್ಲ. ಮಿಕ್ಕವುಗಳಲ್ಲಿ ನೂರಕ್ಕೆ 99 ಸಾಯುತ್ತವೆ. ಮೊದಲ ಸಿಂಪಡಣೆಯ ಬಳಿಕ ಉಳಿಯುವುದು ಸುಮಾರು 10,000 ಸಾಮಾನ್ಯ ಹುಳ, ಜೊತೆಗೆ ಆ 10 ಗಟ್ಟಿ ಹುಳ. ಹೊಲ ಸ್ವಚ್ಛವಾಯಿತು ಎಂದು ರೈತ ನಿಟ್ಟುಸಿರು ಬಿಡುತ್ತಾನೆ. ಆದರೆ ಲಕ್ಷಕ್ಕೆ ಒಂದಿದ್ದ ಗಟ್ಟಿ ಹುಳ ಈಗ ಸಾವಿರಕ್ಕೆ ಒಂದಾಗಿದೆ.

ಉಳಿದವು ಮೊಟ್ಟೆಯಿಟ್ಟು ಮತ್ತೆ 10 ಲಕ್ಷವಾದವು. ಮರಿಗಳಿಗೆ ಹೆತ್ತವರ ಗುಣವೇ ಬಂತು ಎಂದುಕೊಂಡರೆ ಗಟ್ಟಿಯವು ಈಗ 1,000. ಎರಡನೇ ಸಿಂಪಡಣೆಯೂ ನೂರಕ್ಕೆ 99 ಪಾಲು ಕೊಲ್ಲುತ್ತದೆ, ಆದರೆ ಉಳಿದವುಗಳಲ್ಲಿ ಹನ್ನೊಂದಕ್ಕೆ ಒಂದು ಗಟ್ಟಿ. ಮೂರನೇ ಸಿಂಪಡಣೆಗೆ ನೂರಕ್ಕೆ 90 ಸಾಯುತ್ತವೆ. ‘ಸ್ವಲ್ಪ ಕಡಿಮೆ ಆಯ್ತು, ಪರವಾಗಿಲ್ಲ’ ಎನ್ನಿಸುವಷ್ಟೇ ವ್ಯತ್ಯಾಸ. ನಾಲ್ಕನೇ ಸಲ ಸಾಯುವುದು ನೂರಕ್ಕೆ 9 ಮಾತ್ರ. 99, 99, 90, 9. ಸೋಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವುದಿಲ್ಲ. ಮೂರು ಸಲ ಗೆದ್ದಂತೆ ತೋರಿಸಿ ನಾಲ್ಕನೇ ಸಲಕ್ಕೆ ನೆಲ ಕುಸಿದಂತೆ ಬರುತ್ತದೆ. ರೈತ ಅಂಗಡಿಯವರನ್ನು ಬೈಯುವುದು ಈ ಕಾರಣಕ್ಕೇ: ಹೋದ ತಿಂಗಳು ಕೆಲಸ ಮಾಡಿದ್ದು ಈ ತಿಂಗಳು ಮಾಡುವುದಿಲ್ಲ ಎಂದರೆ ಡಬ್ಬಿಯಲ್ಲೇ ಮೋಸವಿರಬೇಕಲ್ಲ!

ನಿಜವಾದ ಹೊಲದಲ್ಲಿ ಲೆಕ್ಕ ಇಷ್ಟು ಸರಳವಲ್ಲ, ತಲೆಮಾರುಗಳೂ ಹೆಚ್ಚು ಬೇಕಾಗುತ್ತವೆ. ಆದರೆ ಹುಳಕ್ಕೆ ತಲೆಮಾರುಗಳ ಬರವಿಲ್ಲ. ಕೋಸಿನ ಎಲೆಯನ್ನು ಜರಡಿ ಮಾಡುವ ವಜ್ರಬೆನ್ನಿನ ಪತಂಗಕ್ಕೆ ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಎರಡು ಮೂರು ವಾರ ಸಾಕು. ಹತ್ತಿ, ತೊಗರಿ, ಕಡಲೆಯನ್ನು ಕೊರೆಯುವ ಹಸಿರು ಕಾಯಿಕೊರಕದ, ಅಂದರೆ ಹೆಲಿಕೋವರ್ಪಾದ, ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡುತ್ತದೆ, ಸಾವಿರ ದಾಟುವುದೂ ಉಂಟು.

ಒಂದು ಮುಚ್ಚಳದ ಬದಲು ಎರಡು ಮುಚ್ಚಳ ಹಾಕಿದರೆ? ಗಟ್ಟಿ ಹುಳಕ್ಕೆ ಅದರಿಂದ ಏನೂ ಆಗದಿರಬಹುದು. ಅದರ ಜೊತೆ ಪೈಪೋಟಿಗಿದ್ದ ಸಾಮಾನ್ಯ ಹುಳಗಳು ಮಾತ್ರ ಪೂರ್ತಿ ಸಾಯುತ್ತವೆ. ಜೇಡ, ಗುಲಗಂಜಿ ಹುಳ, ಕಾಯಿಕೊರಕದ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುವ ಪುಟ್ಟ ಕಣಜಗಳೂ ಸಾಯುತ್ತವೆ. ಶತ್ರುವೂ ಇಲ್ಲದ, ಪಾಲುದಾರನೂ ಇಲ್ಲದ ಹೊಲ ಗಟ್ಟಿ ಹುಳಕ್ಕೆ ಉಂಬಳಿಯಾಗಿ ಸಿಗುತ್ತದೆ.

ನೂರು ವರ್ಷದ ಹಳೆಯ ಸುದ್ದಿ

ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳಲ್ಲಿ ಸ್ಯಾನ್ ಹೋಸೆ ಶಲ್ಕಕೀಟಕ್ಕೆ ಸುಣ್ಣ-ಗಂಧಕದ ದ್ರಾವಣ ಹೊಡೆಯುತ್ತಿದ್ದರು. ಕೆಲವು ಕಡೆ ಅದು ತಾಗದೇ ಹೋದದ್ದನ್ನು ಗಮನಿಸಿದ ಎ. ಎಲ್. ಮೆಲಾಂಡರ್ ಎಂಬ ಕೀಟಶಾಸ್ತ್ರಜ್ಞ, ಸಿಂಪಡಣೆಗೆ ಕೀಟಗಳು ನಿರೋಧಕವಾಗಬಲ್ಲವೇ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಸಿ 1914ರಲ್ಲಿ ಪ್ರಬಂಧ ಬರೆದರು. ಆಗಿನ್ನೂ ಡಿಡಿಟಿಯ ಕೀಟನಾಶಕ ಗುಣ ಯಾರಿಗೂ ಗೊತ್ತಿರಲಿಲ್ಲ.

ಆ ಗುಣವನ್ನು ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ ಕಂಡುಕೊಂಡದ್ದು 1939ರಲ್ಲಿ. ಅದಕ್ಕಾಗಿ ಅವರಿಗೆ ನೊಬೆಲ್ ಬಂದದ್ದು 1948ರಲ್ಲಿ. ಆ ಬಹುಮಾನ ಬರುವ ಮೊದಲೇ ಯುರೋಪಿನ ಮನೆನೊಣಗಳು ಡಿಡಿಟಿಗೆ ಜಗ್ಗುವುದನ್ನು ಬಿಟ್ಟಿದ್ದವು. 1953ರಲ್ಲಿ ಜಾವಾ ದ್ವೀಪದ ಕೋಸಿನ ಹೊಲಗಳಿಂದ ವಜ್ರಬೆನ್ನಿನ ಪತಂಗದ್ದೂ ಇದೇ ಸುದ್ದಿ ಬಂತು. ನಮ್ಮ ದೇಶದ ಬೆಳೆಕೀಟಗಳಲ್ಲಿ ಇಂಥ ನಿರೋಧಕತೆ ಮೊದಲು ದಾಖಲಾದದ್ದು 1963ರಲ್ಲಿ, ಕೆರೆಯ ನೀರಿನಲ್ಲಿ ಬೆಳೆಯುವ ಸಿಂಘಾಡವನ್ನು ತಿನ್ನುವ ಒಂದು ದುಂಬಿಯಲ್ಲಿ. ಡಿಡಿಟಿ, ಬಿಎಚ್‌ಸಿ ಎರಡಕ್ಕೂ ಅದು ಸಾಯುತ್ತಿರಲಿಲ್ಲ. ಇಂದು ಯಾವುದಾದರೊಂದು ಕೀಟನಾಶಕಕ್ಕೆ ಬಗ್ಗದ ಕೀಟ ಮತ್ತು ನುಸಿಗಳ ಪಟ್ಟಿಯಲ್ಲಿ 600ಕ್ಕೂ ಹೆಚ್ಚು ಪ್ರಭೇದಗಳಿವೆ. ಅಮೆರಿಕದ ಆಲೂಗಡ್ಡೆ ದುಂಬಿಯೊಂದೇ 50ಕ್ಕೂ ಹೆಚ್ಚು ರಾಸಾಯನಿಕಗಳನ್ನು ಅರಗಿಸಿಕೊಂಡಿದೆ.

ನಮ್ಮ ಹತ್ತಿಯ ಕಥೆಯೂ ಇದೇ ದಾರಿಯಲ್ಲಿ ನಡೆಯಿತು. 1972ರಲ್ಲಿ ಧಾರವಾಡದಿಂದ ಹೊರಬಂದ ‘ವರಲಕ್ಷ್ಮಿ’ ಹೈಬ್ರಿಡ್ ಉದ್ದ ಎಳೆಯ ಹತ್ತಿಯನ್ನು ಕೊಟ್ಟು ಹಲವರ ಮನೆ ಬೆಳಗಿಸಿತು, ಜೊತೆಗೆ ಸಿಂಪಡಣೆಯ ಪಂಪನ್ನೂ ಮನೆಗೆ ತಂದಿತು. 1980ರ ಆಸುಪಾಸಿನಲ್ಲಿ ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ಬಂದವು. ಅಳತೆ ಕಡಿಮೆ, ಪರಿಣಾಮ ತಕ್ಷಣ. 1987ರ ಹಂಗಾಮಿನಲ್ಲಿ ಆಂಧ್ರದ ಕರಾವಳಿ ಜಿಲ್ಲೆಗಳ ಹತ್ತಿ ಹೊಲಗಳಲ್ಲಿ ಹಸಿರು ಕಾಯಿಕೊರಕ ಆ ಔಷಧಿಯನ್ನು ಲೆಕ್ಕಕ್ಕೇ ಇಡಲಿಲ್ಲ. ಮತ್ತೆ ಮತ್ತೆ ಸಿಂಪಡಿಸಿದವರೂ ಬೆಳೆ ಕಳೆದುಕೊಂಡರು. ಸಾಲ ತೀರಿಸಲಾಗದೆ ರೈತರು ಜೀವ ಕಳೆದುಕೊಂಡ ಸುದ್ದಿಗಳು ಅಲ್ಲಿಂದ ಬರತೊಡಗಿದವು.

ಗಿಡ ಕಲಿಸಿದ ಪಾಠ

ಬೆರಳುದ್ದದ ಹುಳಕ್ಕೆ ನಮ್ಮ ಪ್ರಯೋಗಾಲಯಗಳನ್ನು ಸೋಲಿಸುವ ತಾಕತ್ತು ಎಲ್ಲಿಂದ ಬಂತು? ಅದು ಈ ಜಗಳಕ್ಕೆ ನಮಗಿಂತ ಕೋಟ್ಯಂತರ ವರ್ಷ ಮೊದಲು ಇಳಿದಿದೆ. ಗಿಡ ಸುಮ್ಮನೆ ನಿಂತು ತಿನ್ನಿಸಿಕೊಳ್ಳುವ ಜೀವಿಯಲ್ಲ. ಹತ್ತಿಯ ಬೀಜದಲ್ಲಿ, ಎಲೆಯಲ್ಲಿ ಗಾಸಿಪಾಲ್ ಎಂಬ ವಿಷವಿದೆ. ಸಾಸಿವೆ, ಕೋಸಿನ ಘಾಟು ಹುಳ ಓಡಿಸಲೆಂದೇ ಇರುವುದು. ಹೊಗೆಸೊಪ್ಪಿನ ನಿಕೋಟಿನ್ ಕೂಡ ಗಿಡದ ಕಾವಲುಗಾರನೇ. ಇವನ್ನೆಲ್ಲ ತಿಂದು ಬದುಕಿದ ಹುಳಗಳ ಹೊಟ್ಟೆಯಲ್ಲಿ ವಿಷವನ್ನು ಒಡೆದು ಹೊರಹಾಕುವ ಕಿಣ್ವಗಳು, ಅಂದರೆ ಎಂಜೈಮುಗಳು, ಮೊದಲೇ ಇದ್ದವು. ನಾವು ತಂದದ್ದು ಹೊಸ ವಿಷ, ಆದರೆ ಕರಗಿಸುವ ಒಲೆ ಹಳೆಯದು.

ಹೀಗಾಗಿ ಗಟ್ಟಿ ಹುಳಗಳ ಮೊದಲ ಉಪಾಯ ಆ ಒಲೆಯ ಉರಿ ಹೆಚ್ಚಿಸುವುದು. ಪೀಚ್ ಗಿಡದ ಹಸಿರು ಹೇನು ಆಲೂಗಡ್ಡೆಯಿಂದ ಹಿಡಿದು ನೂರಾರು ಬೆಳೆಗಳ ರಸ ಹೀರುತ್ತದೆ. ಆರ್ಗನೋಫಾಸ್ಫೇಟ್ ಔಷಧಿಯನ್ನು ಹಿಡಿದು ಒಡೆಯುವ ಕಿಣ್ವದ ಜೀನ್ ಅದರ ಗಟ್ಟಿ ತಳಿಗಳಲ್ಲಿ ಒಂದರ ಬದಲು 80ರವರೆಗೆ ಪ್ರತಿಗಳಾಗಿ ಇರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಒಂದು ಒಲೆಯ ಮನೆಯಲ್ಲಿ ಎಂಬತ್ತು ಒಲೆ ಹೂಡಿದ ಹಾಗೆ.

ಎರಡನೆಯ ಉಪಾಯ ಬೀಗವನ್ನೇ ಬದಲಿಸುವುದು. ಡಿಡಿಟಿಯೂ ಪೈರೆಥ್ರಾಯ್ಡೂ ಹೋಗಿ ಕೂರುವುದು ನರದ ಮೇಲಿನ ಸೋಡಿಯಂ ಬಾಗಿಲಿನಲ್ಲಿ. ಬಾಗಿಲು ತೆರೆದೇ ಉಳಿದು, ನರ ಮಿಡಿದು ಮಿಡಿದು ಹುಳ ಒದ್ದಾಡಿ ಸಾಯುತ್ತದೆ. ಆ ಬಾಗಿಲು ಎರಡು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ ಒಂದೇ ಒಂದು ಕೊಂಡಿ, ಲ್ಯೂಸಿನ್ ಇರುವ ಕಡೆ ಫಿನೈಲ್‌ಅಲನಿನ್, ಬದಲಾದರೆ ಸಾಕು, ಔಷಧಿಯ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಮುಖ್ಯ ಮಾತು: ಡಿಡಿಟಿಗಾಗಿ ಬದಲಾದ ಈ ಬೀಗಕ್ಕೆ ಮುಂದೆ ಬಂದ ಪೈರೆಥ್ರಾಯ್ಡ್ ಕೀಲಿಯೂ ಹೊಂದಲಿಲ್ಲ. ಅಜ್ಜ ಹೊಡೆದ ಔಷಧಿಯ ಫಲವನ್ನು ಮೊಮ್ಮಗ ಉಂಡ.

ಮೂರನೆಯ ಉಪಾಯ ಚರ್ಮ ದಪ್ಪವಾಗುವುದು, ವಿಷ ನಿಧಾನಕ್ಕೆ ಒಳಗಿಳಿಯುತ್ತದೆ. ನಾಲ್ಕನೆಯದು ವಿಷ ಬಿದ್ದ ಎಲೆಯನ್ನು ಬಿಟ್ಟು ಸರಿದುಹೋಗುವ ಸ್ವಭಾವ. ನಾವು ಚಾಪೆಯ ಕೆಳಗೆ ತೂರಿದರೆ ಹುಳ ರಂಗೋಲಿಯ ಕೆಳಗೆ ತೂರುತ್ತದೆ. ಕೋಸಿನ ಪತಂಗಕ್ಕೆಂದು ಬಂದ ಡೈಅಮೈಡ್ ಗುಂಪಿನ ಔಷಧಿಗಳು ಮಾರುಕಟ್ಟೆಯಲ್ಲಿ ಭಾರೀ ಭರವಸೆ ಹುಟ್ಟಿಸಿದ್ದವು. ಥಾಯ್ಲೆಂಡ್, ಫಿಲಿಪೈನ್ಸ್‌ನ ಹೊಲಗಳಲ್ಲಿ ಅವು ಸೋಲಲು ಕೆಲವೇ ವರ್ಷ ಹಿಡಿಯಿತು. ಅಲ್ಲಿಯೂ ಕಾರಣ ಒಂದೇ ಕೊಂಡಿಯ ಬದಲಾವಣೆ.

ಬದುವಿಗೆ ಬಿದ್ದ 120 ಗ್ರಾಂ

2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಭಾರತ ಒಪ್ಪಿಗೆ ಕೊಟ್ಟಿತು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನು ಗಿಡಕ್ಕೆ ಸೇರಿಸಿ, ಹುಳದ ಕರುಳನ್ನು ತೂತು ಮಾಡುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಲಾಗಿತ್ತು. ಈಗ ಸಿಂಪಡಿಸುವುದು ಗಿಡದ ಕೆಲಸ, ಅದೂ ದಿನದ ಇಪ್ಪತ್ತನಾಲ್ಕು ಗಂಟೆ. ಹಾಗೆಂದರೆ ಅಂಗಳದ ಲೆಕ್ಕದ ಜರಡಿಯೂ ಬಿಡುವಿಲ್ಲದೆ ಆಡುತ್ತದೆ.

ಅದಕ್ಕೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಇನ್ನೊಂದು ಪೊಟ್ಟಣ ಕೊಡುವ ನಿಯಮ ಬಂತು. ಅದರಲ್ಲಿದ್ದದ್ದು ಬಿಟಿ ಇಲ್ಲದ ಬೀಜ. ಹೊಲದ ಸುತ್ತ ಕನಿಷ್ಠ ಐದು ಸಾಲು, ಇಲ್ಲವೇ ಹೊಲದ ಐದನೇ ಒಂದು ಪಾಲು ಇದನ್ನು ಬಿತ್ತಬೇಕಿತ್ತು. ಶಾಸ್ತ್ರದ ಭಾಷೆಯಲ್ಲಿ ಇದು ‘ಆಶ್ರಯ ಬೆಳೆ’.

ಹುಳವನ್ನು ನಾವೇ ಸಾಕುವುದೇ ಎಂದು ಯಾರಿಗಾದರೂ ಅನ್ನಿಸೀತು. ಅದರ ಹಿಂದಿನ ಲೆಕ್ಕ ಬೀಗತನದ ಲೆಕ್ಕ. ಬಿಟಿ ಹೊಲದಲ್ಲಿ ಸಾಯದೆ ಉಳಿದ ಒಂದೆರಡು ಗಟ್ಟಿ ಪತಂಗಗಳು ತಮ್ಮತಮ್ಮೊಳಗೇ ಕೂಡಿದರೆ ಮರಿಗಳೆಲ್ಲ ಗಟ್ಟಿ. ಪಕ್ಕದ ಆಶ್ರಯ ಸಾಲುಗಳಿಂದ ಸಾವಿರಾರು ಸಾಮಾನ್ಯ ಪತಂಗಗಳು ಹಾರಿ ಬಂದರೆ ಗಟ್ಟಿ ಪತಂಗಕ್ಕೆ ಸಿಗುವ ಜೋಡಿ ಬಹುತೇಕ ಸಾಮಾನ್ಯದ್ದೇ. ಈ ಗಟ್ಟಿ ಗುಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಒಬ್ಬರಿಂದ ಮಾತ್ರ ಬಂದ ಮರಿ ಬಿಟಿ ಗಿಡ ತಿಂದು ಸಾಯುತ್ತದೆ. ಸಾಯುವ ಗುಣವನ್ನು ಊರಲ್ಲಿ ಉಳಿಸಿಕೊಳ್ಳಲು ಸಾಯುವ ಹುಳಗಳನ್ನು ಬದುಕಲು ಬಿಡಬೇಕು.

ನಮ್ಮಲ್ಲಿ ಆ ಪೊಟ್ಟಣದ ಗತಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಬಹುಪಾಲು ಬದುವಿಗೆ ಬಿತ್ತು. ರೈತನನ್ನು ಬೈದು ಪ್ರಯೋಜನವಿಲ್ಲ. ಮೂರು ಎಕರೆ ಇರುವವನಿಗೆ ಅದರ ಐದನೇ ಪಾಲನ್ನು ಹುಳಕ್ಕೆ ಬಿಟ್ಟುಕೊಡು ಎಂದರೆ ಅದು ಮಗಳ ಫೀಸನ್ನು ಬಿಟ್ಟುಕೊಡು ಎಂದಂತೆ. ಪೊಟ್ಟಣದ ಬೀಜ ಸರಿಯಾಗಿ ಮೊಳೆಯುವುದಿಲ್ಲ ಎಂಬ ದೂರೂ ಇತ್ತು. ಏಕೆ ಬಿತ್ತಬೇಕು ಎಂದು ಕೂತು ಹೇಳಿದವರು ಇನ್ನೂ ಕಡಿಮೆ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ: ಆಶ್ರಯ ಸಾಲಿನ ನಷ್ಟ ಬಿತ್ತಿದವನಿಗೆ, ಲಾಭ ಇಡೀ ಸೀಮೆಗೆ. ಪತಂಗಕ್ಕೆ ಸರ್ವೆ ನಂಬರು ಗೊತ್ತಿಲ್ಲ.

ಇದರ ಲಾಭ ಪಡೆದದ್ದು ಗುಲಾಬಿ ಕಾಯಿಕೊರಕ. ಅದೂ ನಮ್ಮ ನೆಲದ ಹಳೆಯ ಪರಿಚಯ: 1843ರಲ್ಲಿ ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು ಗುಜರಾತಿನ ಭರೂಚಿನಿಂದ ಹೋದ ಮಾದರಿಗಳನ್ನು ನೋಡಿ. ಮರಿ ಕಾಯಿಯೊಳಗೆ ಹೊಕ್ಕರೆ ಮತ್ತೆ ಹೊರಗೆ ಕಾಣುವುದಿಲ್ಲ, ಒಳಗೇ ಕುಳಿತು ಬೀಜ ತಿನ್ನುತ್ತದೆ. ಹೊರಗೆ ಹೊಡೆದ ಎಣ್ಣೆ ಅದಕ್ಕೆ ತಲುಪುವುದೂ ಕಷ್ಟ. 2010ರ ಮಾರ್ಚಿನಲ್ಲಿ ಅದೇ ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳಲ್ಲಿ ಈ ಹುಳ ಮೊದಲ ಬಿಟಿ ಪ್ರೋಟೀನಿಗೆ ಬಗ್ಗುತ್ತಿಲ್ಲ ಎಂದು ಬಿಟಿ ತಂತ್ರಜ್ಞಾನದ ಒಡೆತನವಿದ್ದ ಮೊನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಎರಡು ಪ್ರೋಟೀನುಗಳ ಬಿಟಿ-2 ಹತ್ತಿ 2006ರಲ್ಲೇ ಬಂದಿತ್ತು. 2015ರ ಹೊತ್ತಿಗೆ ಗುಜರಾತಿನಲ್ಲಿ ಅದೂ ಸೋತಿತು. ಮುಂದಿನ ವರ್ಷಗಳಲ್ಲಿ ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು ಸೀಮೆಯ ರೈತರೂ ಕಾಯಿ ಬಿಡಿಸಿ ಗುಲಾಬಿ ಮರಿಗಳನ್ನು ಕಂಡರು. ಸಿಂಪಡಣೆ ಮತ್ತೆ ಏರಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಎತ್ತರಕ್ಕೆ ಬೆಳೆದ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ತಗುಲಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಹುಳಕ್ಕೆ ತಾಗದ ವಿಷ ಮನುಷ್ಯರಿಗೆ ತಾಗಿತು.

ನಮ್ಮ ಬಿಟಿ ಹತ್ತಿ ಹೈಬ್ರಿಡ್ ಆಗಿದ್ದದ್ದೂ ಹುಳಕ್ಕೆ ಅನುಕೂಲವಾಯಿತು. ಹೈಬ್ರಿಡ್ ಗಿಡದ ಒಂದೇ ಕಾಯಿಯೊಳಗೆ ಕೆಲವು ಬೀಜಕ್ಕೆ ಎರಡೂ ಪ್ರೋಟೀನ್, ಕೆಲವಕ್ಕೆ ಒಂದು, ಕೆಲವಕ್ಕೆ ಏನೂ ಇಲ್ಲ. ಬೀಜ ತಿನ್ನುವ ಹುಳಕ್ಕೆ ಇದು ಮನೆಯಲ್ಲೇ ನಡೆಯುವ ಗರಡಿ. ನೀರಿದ್ದ ಕಡೆ ಹತ್ತಿಯನ್ನು ಯುಗಾದಿಯವರೆಗೂ ಎಳೆದದ್ದರಿಂದ ಹುಳಕ್ಕೆ ತಲೆಮಾರುಗಳೂ ಹೆಚ್ಚು ಸಿಕ್ಕವು.

ಇದೇ ಹುಳ, ಇದೇ ಪ್ರೋಟೀನು, ಇನ್ನೊಂದು ದೇಶ. ಅಮೆರಿಕದ ಅರಿಜೋನಾದಲ್ಲಿ 1996ರಿಂದ ಬಿಟಿ ಹತ್ತಿ ಬೆಳೆದರು, ಆಶ್ರಯ ಬೆಳೆಯನ್ನೂ ಬಿತ್ತಿದರು. 2006ರಿಂದ ಪ್ರಯೋಗಾಲಯದಲ್ಲಿ ಬಂಜೆ ಮಾಡಿದ ಗುಲಾಬಿ ಪತಂಗಗಳನ್ನು ವಿಮಾನದಿಂದ ಹೊಲಗಳ ಮೇಲೆ ಬಿಟ್ಟರು. ಹುಳ ಅಲ್ಲಿ ಗಟ್ಟಿಯಾಗಲಿಲ್ಲ. 2018ರ ಅಕ್ಟೋಬರಿನಲ್ಲಿ ತನ್ನ ಹತ್ತಿ ಹೊಲಗಳಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಅಮೆರಿಕ ಸಾರಿತು. ಅಲ್ಲಿ ದೊಡ್ಡ ಹಿಡುವಳಿ, ಸರ್ಕಾರದ ದುಡ್ಡು, ರೈತಸಂಘಗಳ ಒಗ್ಗಟ್ಟು ಎಲ್ಲವೂ ಇತ್ತು. ನಮ್ಮಲ್ಲಿ ನಿಯಮವಷ್ಟೇ ಪೊಟ್ಟಣದ ಜೊತೆ ಬಂತು.

ಹೆಸರು ಹಲವು, ಗುಂಪು ಒಂದೇ

ಹಾಗಾದರೆ ಕಪಾಟಿನ ಮುಂದೆ ನಿಂತ ರೈತ ಏನು ಕೇಳಬೇಕು? ‘ಸ್ಟ್ರಾಂಗ್ ಇದ್ದದ್ದು’ ಎಂಬುದರ ಬದಲು ‘ಬೇರೆ ಗುಂಪಿನದು’ ಎಂದು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಫೆನ್‌ವಲರೇಟ್, ಲ್ಯಾಂಬ್ಡಾ ಸೈಹಲೋಥ್ರಿನ್ ನಾಲ್ಕೂ ಪೈರೆಥ್ರಾಯ್ಡ್‌ಗಳೇ, ತಟ್ಟುವುದು ಒಂದೇ ಬಾಗಿಲು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸೆಟಾಮಿಪ್ರಿಡ್ ಮೂರೂ ಇನ್ನೊಂದು ಗುಂಪು. ಡಬ್ಬಿ ಬದಲಿಸಿ ಗುಂಪು ಬದಲಿಸದಿದ್ದರೆ ಹುಳಕ್ಕೆ ಅದೇ ಊಟ, ಬೇರೆ ತಟ್ಟೆ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಈ ವಿಷಯದಲ್ಲಿ ನೆರವಾಗದು. ಅದು ವಿಷ ನಮಗೆ ಎಷ್ಟು ಎಂದು ಹೇಳುತ್ತದೆ, ಹುಳದ ಯಾವ ಬಾಗಿಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ.

ಡಬ್ಬಿಯ ಆಚೆಗೂ ದಾರಿಗಳಿವೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೋಸಿನ 25 ಸಾಲಿಗೊಮ್ಮೆ ಜೋಡಿ ಸಾಲು ಸಾಸಿವೆ ಬಿತ್ತುವ ಪದ್ಧತಿ ರೂಪಿಸಿತು. ವಜ್ರಬೆನ್ನಿನ ಪತಂಗ ಕೋಸನ್ನು ಬಿಟ್ಟು ಸಾಸಿವೆಗೆ ಮೊಟ್ಟೆಯಿಡುತ್ತದೆ, ಕೋಸಿಗೆ ಬೇವಿನ ಬೀಜದ ಕಷಾಯ ಸಾಕಾಗುತ್ತದೆ. ಕಲಬುರಗಿ ಕಡೆಯ ತೊಗರಿ ಬೆಳೆಗಾರರು ಔಷಧಿ ಸೋತಾಗ ಸಾಲಿನ ಕೆಳಗೆ ತಾಡಪಾಲು ಹಾಸಿ, ಗಿಡ ಅಲುಗಾಡಿಸಿ ಕೀಡಿಗಳನ್ನು ಉದುರಿಸಿ ಆರಿಸಿದ್ದಾರೆ. ಕೈಯಿಂದ ಉದುರಿಸಿದ ಕೀಡಿಗೆ ನಿರೋಧಕ ಶಕ್ತಿ ಬೆಳೆಸಿಕೊಳ್ಳುವ ದಾರಿಯಿಲ್ಲ. ಗುಲಾಬಿ ಕಾಯಿಕೊರಕಕ್ಕೆ ಹೆಣ್ಣಿನ ವಾಸನೆಯ ಮೋಹಕ ಬಲೆ ಕಟ್ಟಿ ಗಂಡು ಪತಂಗಗಳನ್ನು ಎಣಿಸಬಹುದು. ಹೊಲದ ತುಂಬ ಅದೇ ವಾಸನೆ ಹರಡಿ ಗಂಡಿಗೆ ಹೆಣ್ಣೇ ಸಿಗದಂತೆಯೂ ಮಾಡಬಹುದು. ಈ ಎಲ್ಲ ಕೆಲಸಗಳೂ ಒಬ್ಬನ ಹೊಲದಲ್ಲಿ ನಡೆದರೆ ಅಷ್ಟಕ್ಕಷ್ಟೆ, ಸೀಮೆಯಲ್ಲಿ ನಡೆದರೆ ಬಲ.

ಹುಳ ವಿಷಕ್ಕೆ ಸಾಯುತ್ತದೆ ಎಂಬುದು ನಾವು ಅಂಗಡಿಯಲ್ಲಿ ಕೊಂಡ ಸರಕಲ್ಲ. ಅದು ಹುಳದೊಳಗೆ ಇರುವ ಗುಣ, ಊರಿನ ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದ್ದು. ಪ್ರತಿ ಸಿಂಪಡಣೆಯೂ ಆ ಕೆರೆಯಿಂದ ಎತ್ತಿದ ಒಂದು ಕೊಡ. ಅಗತ್ಯವಿದ್ದಾಗ ಎತ್ತಲೇಬೇಕು. ಆದರೆ ಕೆರೆಗೆ ನೀರು ಬರುವ ಹಳ್ಳವನ್ನೇ ಮುಚ್ಚಿದರೆ ಎಷ್ಟು ದೊಡ್ಡ ಕೊಡ ತಂದರೂ ಏನು ಬಂತು?

ಗುಲಾಬಿ ಕಾಯಿಕೊರಕದ ಬಗ್ಗೆ ಕೃಷಿ ವಿಜ್ಞಾನಿಗಳು ಕೊಡುವ ಮುಖ್ಯ ಸಲಹೆಯೊಂದಿದೆ. ಡಿಸೆಂಬರ್ ಮುಗಿಯುವುದರೊಳಗೆ ಹತ್ತಿಯನ್ನು ಕೊನೆಗೊಳಿಸಿ, ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟದೆ ವಿಲೇವಾರಿ ಮಾಡಿ, ಹುಳಕ್ಕೆ ಬೇಸಿಗೆ ಕಳೆಯಲು ಮನೆ ಸಿಗದಿರಲಿ. ಅದು ಹೆಚ್ಚುಕಡಿಮೆ ಎಳ್ಳ ಅಮಾವಾಸ್ಯೆಯ ಕಾಲ. ಅಂದು ನಮ್ಮ ಕಡೆಯವರು ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ನಡೆಯುತ್ತ ಚರಗ, ಅಂದರೆ ಎಡೆಯ ಅನ್ನ, ಚೆಲ್ಲುತ್ತಾರೆ. ಆ ಅನ್ನಕ್ಕೆ ಬಂದ ಹಕ್ಕಿ ಕಡಲೆಯ ಕೀಡಿಯನ್ನೂ ಹೆಕ್ಕುತ್ತದೆ ಎಂದು ಹಿರಿಯರು ಹೇಳುವುದುಂಟು.

ಹೊಲದ ಸುತ್ತ ಐದು ಸಾಲು ಬಿತ್ತಿ ಎಂದು ಆ 120 ಗ್ರಾಂ ಪೊಟ್ಟಣದ ಮೇಲೆ ಬರೆದದ್ದನ್ನು ನಮ್ಮವರಿಗೆ ಹೇಳಲು ಬೇರೆ ಮಾತೇ ಬೇಕಿರಲಿಲ್ಲ. ಬೆಳೆದದ್ದೆಲ್ಲ ಒಬ್ಬನದಲ್ಲ, ಸುತ್ತಲಿನ ಜೀವಗಳಿಗೆ ಒಂದು ಪಾಲು ಚೆಲ್ಲಿ ಬಂದರೆ ಉಳಿದದ್ದು ಮನೆ ಸೇರುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತೇ ಇತ್ತು. ಅಂಗಡಿಯಲ್ಲಿ ಪೊಟ್ಟಣ ಕೊಟ್ಟವರು ಅದನ್ನು ಚರಗ ಎಂದು ಕರೆದಿದ್ದರೆ, ಬದುವಿಗೆ ಎಸೆಯುವ ಮೊದಲು ಕೈ ಒಂದು ಗಳಿಗೆ ತಡೆಯುತ್ತಿತ್ತೇನೋ.